ಮಳೆಗಾಲ, ಬೂಷ್ಟು ಮತ್ತು ಶೆಟ್ರ ಕ್ಯಾಟನ್ ಡಬ್ಬಿ

ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ ಜರ್ಮನಿಯಿಂದ ಶೆಟ್ರ ವಿಡಿಯೊ ಕಾಲ್ ಬಂತು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನನ್ನ ರೂಮ್‌ಮೇಟ್ ಆಗಿದ್ದವ ಅವನು. ವಯಸ್ಸು ನನ್ನಷ್ಟೇ, ಆದರೆ ಅವನನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ಅವನು ‘ಶೆಟ್ರು’. ಡಿಸೆಂಬರಿಗೆ ಟಿಕೆಟ್ ಆಯಿತು ಅಂದ. ಊಟ, ತಿಂಡಿ, ಯಕ್ಷಗಾನ ಎಲ್ಲದರ ಪಟ್ಟಿ ಹೇಳಿ ಮುಗಿಸಿ, ಕೊನೆಗೆ ಕೇಳಿದ:

“ನಮ್ಮ ಡಬ್ಬಿ ಹೇಗುಂಟು ಮಾರಾಯ?”

“ಚೆಂದ ಉಂಟು” ಅಂದೆ.

ಸುಳ್ಳು. ಆ ಡಬ್ಬಿಯನ್ನು ನಾನು ಏಪ್ರಿಲ್ ನಂತರ ಮುಟ್ಟಿರಲಿಲ್ಲ. ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ, ಹೊರಗೋಡೆಗೆ ತಾಗಿದ ಕಪಾಟಿನ ಕೆಳಗಿನ ಅರೆಯಲ್ಲಿ ಅದು ಇಡೀ ಮಳೆಗಾಲ ಕಳೆದಿತ್ತು. ಫೋನಿಟ್ಟ ಮೇಲೆ ಹೋಗಿ ಮುಚ್ಚಳ ತೆಗೆದೆ. ಮೊದಲು ಬಂದದ್ದು ವಾಸನೆ. ಹಳೆಯ ಗೋಡೌನಿನ ಬಾಗಿಲು ತೆಗೆದ ಹಾಗೆ. ಆಮೇಲೆ ಕಂಡದ್ದು ಬಿಲ್ಲೆಗಳ ಮೇಲೆ ಹಸಿರುಬೂದು ಪುಡಿ. ಎಲೆಗಳೆಲ್ಲ ಹಪ್ಪಳದ ಹಾಗೆ ಬಾಗಿದ್ದವು. ಹತ್ತಾರು ಎಲೆಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಇಟ್ಟಿಗೆಯಾಗಿದ್ದವು.

ಬೋರ್ಡ್ ಗೇಮ್ ಆಡದವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಹೊಸದು ತಕ್ಕೊಂಡರೆ ಆಯಿತಲ್ಲ ಅನ್ನಬಹುದು. ನಾನೂ ಹಾಗೆಯೇ ಅಂದುಕೊಂಡು ಮೊಬೈಲಿನಲ್ಲಿ ದರ ನೋಡಿದೆ. ಆಮೇಲೆ ಮುಚ್ಚಳವನ್ನು ತಿರುಗಿಸಿ ಒಳಬದಿ ನೋಡಿದವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

2016ರಲ್ಲಿ, ಮೂರನೇ ವರ್ಷದಲ್ಲಿ ನಾವು ನಾಲ್ವರು ದುಡ್ಡು ಕೂಡಿಸಿ ಆ ಆಟ ತರಿಸಿದ್ದೆವು. ಶೆಟ್ರು, ಭಟ್ರು, ಡಿಸೋಜ ಮತ್ತು ನಾನು. ಪ್ರತಿ ಆಟ ಮುಗಿದ ಮೇಲೆ ತಾರೀಕು ಮತ್ತು ಗೆದ್ದವನ ಹೆಸರನ್ನು ಮುಚ್ಚಳದ ಒಳಬದಿಯಲ್ಲಿ ಪೆನ್ನಿನಲ್ಲಿ ಬರೆಯುವುದು ರೂಢಿ. ಪರೀಕ್ಷೆಯ ಹಿಂದಿನ ರಾತ್ರಿ ಆಡಿದ್ದು, ಡಿಸೋಜನ ಕ್ಯಾಂಪಸ್ ಸೆಲೆಕ್ಷನ್ ಆದ ದಿನ ಆಡಿದ್ದು, 2022ರಲ್ಲಿ ಶೆಟ್ರು ವಿಮಾನ ಹತ್ತುವ ಮೊದಲು ಕಡೆಯ ಸಲ ಆಡಿದ್ದು ಎಲ್ಲ ಅದರಲ್ಲಿ ಉಂಟು. ಆ ಪಟ್ಟಿಯ ಎಡಗಡೆಯ ಮೂಲೆ ಈಗ ಕಪ್ಪು ಕಲೆಯ ಕೆಳಗೆ ಹೋಗಿತ್ತು. ಅಂಗಡಿಯಲ್ಲಿ ಸಿಗದ ಭಾಗ ಅದೊಂದೇ.

ಆ ಡಬ್ಬಿಯನ್ನು ಉಳಿಸಲು ಹೋಗಿ ನಾನು ಮಾಡಿದ ತಪ್ಪುಗಳು ಮತ್ತು ಕಲಿತ ಪಾಠಗಳು ಇಲ್ಲಿವೆ. ನಿಮ್ಮ ಮನೆಯಲ್ಲಿ ಕ್ಯಾಟನ್ ಇಲ್ಲದಿರಬಹುದು. ಇಸ್ಪೀಟು, ಸ್ಕ್ರಾಬಲ್, ಊನೊ, ಅಪ್ಪನ ಕಾಲದ ‘ವ್ಯಾಪಾರ’ ಆಟ ಏನೋ ಒಂದು ಇದ್ದೇ ಇರುತ್ತದೆ.

ಎಲೆ ಬಾಗುವುದು ಯಾಕೆ?

ಮಂಗಳೂರಿನ ಮಳೆಯ ಬಗ್ಗೆ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಆಟದ ಡಬ್ಬಿ ಎಂದರೆ ಮುಕ್ಕಾಲು ಪಾಲು ಕಾಗದ ಮತ್ತು ರಟ್ಟು, ಅದೊಂದಕ್ಕೆ ಮಾತ್ರ ರಿಯಾಯಿತಿ ಎಲ್ಲಿಂದ ಸಿಗಬೇಕು?

ಕಾಗದ ಗಾಳಿಯಿಂದಲೇ ನೀರು ಹೀರುತ್ತದೆ. ಸುತ್ತಲಿನ ತೇವಾಂಶ ಶೇ. 50ರ ಆಸುಪಾಸು ಇದ್ದರೆ ಅದು ಆರಾಮವಾಗಿರುತ್ತದೆ. ಶೇ. 65–70 ದಾಟಿ ಹಾಗೇ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಬೇಕಾದ ಹವೆ ಸಿಕ್ಕಿಬಿಡುತ್ತದೆ. ನೀರು ಹೀರಿದ ನಾರುಗಳು ಉಬ್ಬುತ್ತವೆ, ಅದೂ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು. ಎಲೆಯ ಎರಡು ಬದಿಯ ಲೇಪ, ಶಾಯಿ ಒಂದೇ ಸಮ ಇಲ್ಲದಿದ್ದರೆ ಒಂದು ಬದಿ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಬಾಗುವುದು ಅದಕ್ಕೇ. ಬಾಗಿದ ಎಲೆ ಹಾಳಾಗಿದೆ ಅಂತಲ್ಲ, ಅದಕ್ಕೆ ಚಂಡಿಯಾಗಿದೆ ಅಷ್ಟೆ. ಒಣಗಿದರೆ ಹೆಚ್ಚಿನವು ಮರಳಿ ನೆಟ್ಟಗಾಗುತ್ತವೆ. ನನಗೆ ಇದು ಮೊದಲೇ ಗೊತ್ತಿದ್ದರೆ ಅರ್ಧ ತಪ್ಪು ತಪ್ಪುತ್ತಿತ್ತು.

ಮಳೆಗಾಲದ ಕಾಟ ಬೇರೆ, ಆಡಿ ಆಡಿ ಸವೆಯುವುದು ಬೇರೆ. ಎರಡನೆಯದು ವರ್ಷವಿಡೀ ನಡೆಯುತ್ತದೆ. ಎಲೆಯನ್ನು ಎರಡು ಪಾಲು ಮಾಡಿ ಹೆಬ್ಬೆರಳಿನಿಂದ ‘ಫರ್ರ್’ ಅಂತ ಬಿಡುವ ಶೋಕಿ ಶಫಲ್ ಉಂಟಲ್ಲ, ಅದು ಪ್ರತಿ ಸಲ ಎಲೆಯ ಬೆನ್ನು ಬಗ್ಗಿಸುತ್ತದೆ. ಕೈಯ ಬೆವರು, ಎಣ್ಣೆ ಮೇಲ್ಮೈಯನ್ನು ಜಿಡ್ಡು ಮಾಡುತ್ತದೆ. ಗೋಳಿಬಜೆ ತಿಂದ ಕೈಯಲ್ಲಿ ಎಲೆ ಹಿಡಿದರೆ ಕೇಳುವುದೇ ಬೇಡ. ಬಣ್ಣದ ಅಂಚು ಉಜ್ಜಿ ಉಜ್ಜಿ ಒಳಗಿನ ಬಿಳಿ ಕಾಣುತ್ತದೆ. ಬಿಳಿ ಅಂಚಿನ ಎಲೆಗಳಲ್ಲಿ ಈ ಸವೆತ ಕಣ್ಣಿಗೆ ಬೀಳುವುದು ಕಡಿಮೆ, ಕಪ್ಪು ಅಂಚಿನವುಗಳಲ್ಲಿ ಎರಡೇ ತಿಂಗಳಲ್ಲಿ ಎದ್ದು ಕಾಣುತ್ತದೆ.

ಸವೆದ ಎಲೆ ಗುಟ್ಟು ಹೇಳುತ್ತದೆ

ಎಲೆ ಹಳತಾದರೆ ಏನಾಯಿತು, ಆಡಬಹುದಲ್ಲ? ಆಡಬಹುದು. ಆದರೆ ಆಟ ಅದೇ ಆಗಿ ಉಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಅಪ್ಪನ ಇಸ್ಪೀಟು ಕಟ್ಟೊಂದಿತ್ತು. ಬೇಸಿಗೆ ರಜೆಯಲ್ಲಿ ಅದರಲ್ಲೇ ನಮ್ಮ ಆಟ. ಇಸ್ಪೀಟ್ ಎಕ್ಕದ ಒಂದು ಮೂಲೆ ಮಡಚಿ ಬಿಳಿ ಗೆರೆ ಬಿದ್ದಿತ್ತು, ಆಟಿನ್ ರಾಣಿಯ ಬೆನ್ನ ಮೇಲೆ ಚಹಾದ ಕಲೆ. ಎಕ್ಕ ಯಾರ ಕೈಯಲ್ಲಿದೆ ಎಂದು ಎಲ್ಲರಿಗೂ ಗೊತ್ತು, ಗೊತ್ತಿಲ್ಲದ ಹಾಗೆ ನಟಿಸುವುದೇ ಆಟ. ನಾನು ಚಿಕ್ಕವನಿದ್ದಾಗ ಅಪ್ಪ ಬೇಕೆಂದೇ ಸೋಲುತ್ತಿದ್ದರು ಎಂಬುದು ನನಗೆ ತಿಳಿದದ್ದು ಈ ಎಕ್ಕದಿಂದಲೇ. ಅದು ನನ್ನ ಕೈಯಲ್ಲಿರುವುದು ಕಾಣುತ್ತಿದ್ದರೂ ಅವರು ತಮ್ಮ ದೊಡ್ಡ ಎಲೆಯನ್ನು ಅದರ ಮೇಲೇ ಹಾಕುತ್ತಿದ್ದರು.

ಮನೆಯಲ್ಲಿ ಇದು ತಮಾಷೆ. ಗೆಳೆಯರ ಮಧ್ಯೆ ಜಗಳ. ಕ್ಯಾಟನ್‌ನಲ್ಲಿ ದಾಳದಲ್ಲಿ ಏಳು ಬಿದ್ದವನು ಕಳ್ಳನ ಕಾಯಿ ಸರಿಸಿ, ಎದುರಾಳಿಯ ಕೈಯಿಂದ ನೋಡದೆ ಒಂದು ಎಲೆ ಎಳೆಯಬೇಕು. ಹಾಸ್ಟೆಲಿನಲ್ಲಿ ಒಮ್ಮೆ ಡಿಸೋಜ ಮೂರು ಸಲ ಎಳೆದ, ಮೂರು ಸಲವೂ ಅದಿರಿನ ಎಲೆಯೇ ಬಂತು. ಭಟ್ರು ಎಲೆ ತಿರುಗಿಸಿ ನೋಡಿದರೆ ಆ ಮೂರರ ಬೆನ್ನಲ್ಲೂ ಸಾಂಬಾರಿನ ಹಳದಿ ಚುಕ್ಕೆ. “ನಾನು ನೋಡ್ಲಿಲ್ಲ ಮಾರಾಯ, ಕಣ್ಣಿಗೆ ಬಿತ್ತು ಅಷ್ಟೆ” ಅಂದ ಡಿಸೋಜ. ಒಂದು ವಾರ ಇಬ್ಬರಿಗೆ ಮಾತಿಲ್ಲ. ಈಗ ನೆನೆದರೆ ನಗು ಬರುತ್ತದೆ, ಆದರೆ ಭಟ್ರ ಮಾತು ಸರಿಯೇ ಇತ್ತು. ಬೆನ್ನು ನೋಡಿ ಮುಖ ಗೊತ್ತಾಗುವ ಎಲೆಯಲ್ಲಿ ಪ್ರಾಮಾಣಿಕನೂ ಪ್ರಾಮಾಣಿಕವಾಗಿ ಆಡಲಾರ. ಒಮ್ಮೆ ಕಂಡದ್ದನ್ನು ಕಾಣದ ಹಾಗೆ ಮಾಡಲು ಆಗುವುದಿಲ್ಲ.

ಹಾಗಾಗಿ ಎಲೆಗಳನ್ನು ಕಾಪಾಡುವುದೆಂದರೆ ಹೊಸದರ ಹೊಳಪು ಉಳಿಸುವುದಲ್ಲ. ಎಲ್ಲ ಎಲೆಗಳ ಬೆನ್ನೂ ಒಂದೇ ತರ ಇರುವಂತೆ ನೋಡಿಕೊಳ್ಳುವುದು. ಎಲ್ಲವೂ ಸಮನಾಗಿ ಹಳತಾದರೆ ತೊಂದರೆಯಿಲ್ಲ, ಒಂದೆರಡು ಮಾತ್ರ ಹಳತಾದರೆ ತೊಂದರೆ.

ಗಂಜೀಫಾದವರು ಇದನ್ನು ಮೊದಲೇ ಯೋಚಿಸಿದ್ದರು

ಕೆಲವು ವರ್ಷಗಳ ಹಿಂದೆ ಮೈಸೂರಿಗೆ ಹೋದಾಗ ಗಂಜೀಫಾ ಎಲೆಗಳನ್ನು ನೋಡಿದ್ದೆ. ಆಗ ಬರೀ ಚಿತ್ರ ನೋಡಿ ಬಂದಿದ್ದೆ. ಈ ಡಬ್ಬಿಯ ರಾಮಾಯಣ ಆದ ಮೇಲೆ ಅವುಗಳ ಬಗ್ಗೆ ಓದಿದಾಗ, ಅರೆ, ಇವರು ಎಷ್ಟು ತಲೆ ಓಡಿಸಿದ್ದಾರೆ ಅನ್ನಿಸಿತು.

ಗಂಜೀಫಾ ಪರ್ಷಿಯಾ ಕಡೆಯಿಂದ ಬಂದ ಆಟ. ಬಾಬರ್ 1527ರಲ್ಲಿ ಸಿಂಧ್‌ನಲ್ಲಿದ್ದ ಸ್ನೇಹಿತನಿಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಘಲರ ಕಟ್ಟಿನಲ್ಲಿ 96 ಎಲೆ, ನಮ್ಮ ದಶಾವತಾರ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹೊಸ ಹೊಸ ಎಲೆಯಾಟಗಳನ್ನು ರೂಪಿಸಿದವರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಇವುಗಳ ವಿವರ ಇದೆ. ಕೆಲವು ಕಟ್ಟುಗಳಲ್ಲಿ 360ರವರೆಗೆ ಎಲೆಗಳಿದ್ದವು. 360 ಎಲೆ ಶಫಲ್ ಮಾಡುವುದನ್ನು ಊಹಿಸಿ!

ಈಗ ಅವುಗಳ ಕಟ್ಟುವಿಕೆ ನೋಡಿ. ಮೊದಲನೆಯದು, ಎಲೆ ಗುಂಡಗಿದೆ. ಮೂಲೆಯೇ ಇಲ್ಲ ಅಂದಮೇಲೆ ಮೂಲೆ ಮಡಚುವ ಪ್ರಶ್ನೆಯೇ ಇಲ್ಲ. ನಮ್ಮ ಎಲೆ ಮೊದಲು ಸಾಯುವುದು ಮೂಲೆಯಲ್ಲಿ ಅಲ್ವಾ? ಎರಡನೆಯದು, ಬೆನ್ನಿಗೆ ಸಾಮಾನ್ಯವಾಗಿ ಒಂದೇ ಬಣ್ಣ. ಮೂರನೆಯದು ಲೇಪ. ಒಡಿಶಾದಲ್ಲಿ ಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಅಂಟಿಸಿ, ಸೀಮೆಸುಣ್ಣದ ಪುಡಿ ಬಳಿದು, ಮೇಲೆ ಅರಗಿನ ಲೇಪ ಕೊಡುತ್ತಾರೆ. ನಮ್ಮ ಚನ್ನಪಟ್ಟಣದ ಬೊಂಬೆಗೆ ಹಾಕುವ ಅದೇ ಅರಗು. ಅದು ನೀರನ್ನೂ ಬೆವರನ್ನೂ ತಡೆಯುತ್ತದೆ. ನಾಲ್ಕನೆಯದು, ಎಲೆಗಳನ್ನು ಬಗ್ಗಿಸಿ ಶಫಲ್ ಮಾಡುವುದಿಲ್ಲ. ಬಟ್ಟೆ ಹಾಸಿ, ಮುಖ ಕೆಳಗೆ ಮಾಡಿ ಹರಡಿ, ಅಂಗೈಯಲ್ಲಿ ಕಲಸುತ್ತಾರೆ. ಐದನೆಯದು, ಎಲೆಗೆ ಸರಿಯಾಗಿ ಕೂರುವ ಮರದ ಪೆಟ್ಟಿಗೆ, ಸರಿದು ತೆರೆಯುವ ಮುಚ್ಚಳ.

ಅರಸರ ದರ್ಬಾರಿಗೆ ದಂತ, ಆಮೆಚಿಪ್ಪಿನ ಎಲೆಗಳು. ಜನಸಾಮಾನ್ಯರಿಗೆ ಬಟ್ಟೆ, ಮರ, ತಾಳೆಗರಿಯವು. ದುಡ್ಡಿದ್ದವರ ಎಲೆಯೂ ಇಲ್ಲದವರ ಎಲೆಯೂ ಸವೆಯಬಾರದು ಎಂಬ ಕಾಳಜಿ ಮಾತ್ರ ಒಂದೇ. ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರಿಂದ ಮೈಸೂರು ಗಂಜೀಫಾ ಮತ್ತೆ ಜೀವ ಪಡೆಯಿತು, ಅದಕ್ಕೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಹಳೆಯ ಮಣೆಯಾಟಗಳ ಪ್ರದರ್ಶನ ನಡೆಸುತ್ತ ಬಂದಿದೆ. ಅವಕಾಶ ಸಿಕ್ಕಿದರೆ ನೋಡಿ.

ನಾನು ಮಾಡಿದ ನಾಲ್ಕು ತಪ್ಪು

ಮೊದಲ ತಪ್ಪು, ಇಸ್ತ್ರಿ ಪೆಟ್ಟಿಗೆ. ಬಾಗಿದ್ದನ್ನು ನೆಟ್ಟಗೆ ಮಾಡಲು ಬಟ್ಟೆಯ ಮೇಲಿಂದ ಇಸ್ತ್ರಿ ಹಾಕಿದೆ. ಎರಡು ಎಲೆಗಳ ಲೇಪ ಕರಗಿ ಬಟ್ಟೆಗೆ ಅಂಟಿತು. ಅಮ್ಮ ಬಾಗಿಲಲ್ಲಿ ನಿಂತು, “ಎಂತ ಮಾಡ್ತಾ ಇದ್ದಿ ನೀನು? ಅಂಗಿಗೆ ಒಂದು ದಿನ ಇಸ್ತ್ರಿ ಹಾಕಿದವನಲ್ಲ” ಅಂದರು.

ಎರಡನೆಯದು, ಸ್ಯಾನಿಟೈಸರ್. ಬೂಷ್ಟು ಸಾಯುತ್ತದೆ ಅಂತ ಹತ್ತಿಯಲ್ಲಿ ಒರೆಸಿದೆ. ಬೂಷ್ಟಿನ ಜೊತೆ ಶಾಯಿಯೂ ಬಂತು. ಒಂದು ಕುರಿಗೆ ಈಗ ಮುಖವಿಲ್ಲ.

ಮೂರನೆಯದು, ಐ.ಡಿ. ಕಾರ್ಡಿಗೆ ಹಾಕುವ ಪಿ.ವಿ.ಸಿ. ಕವರ್. ಹಂಪನಕಟ್ಟೆಯ ಸ್ಟೇಷನರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಒಂದು ಆಟದ ಎಲೆಗಳಿಗೆ ಹಿಂದೆ ಹಾಕಿದ್ದೆ. ಪಿ.ವಿ.ಸಿ.ಯನ್ನು ಮೆದು ಮಾಡಲು ಸೇರಿಸುವ ರಾಸಾಯನಿಕ ನಿಧಾನಕ್ಕೆ ಹೊರಬಂದು ಶಾಯಿಗೆ ಅಂಟುತ್ತದೆ. ಸೆಕೆಗಾಲದಲ್ಲಿ ಇನ್ನೂ ಬೇಗ. ಕವರ್ ಎಳೆದರೆ ಚಿತ್ರ ಕವರಿನ ಜೊತೆ ಹೋಯಿತು.

ನಾಲ್ಕನೆಯದು ಇವೆಲ್ಲಕ್ಕಿಂತ ದೊಡ್ಡದು, ಇಂಜಿನಿಯರ್ ಅನ್ನಿಸಿಕೊಂಡವನಿಗೆ ನಾಚಿಕೆಯದು. ಮೇ ತಿಂಗಳ ಕಡೆಯ ವಾರ, ಎರಡು ಒಳ್ಳೆಯ ಮಳೆ ಬಿದ್ದ ಮೇಲೆ ನೆನಪಾಗಿ, ಇನ್ನೊಂದು ಆಟದ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೇಪ್ ಹಚ್ಚಿದ್ದೆ. ಒಳಗೆ ಹೊಸ ಶೂ ಜೊತೆ ಬಂದಿದ್ದ ಸಿಲಿಕಾ ಜೆಲ್ ಪೊಟ್ಟಣ ಒಂದು. ಆ ಡಬ್ಬಿಯ ಗತಿ ಕ್ಯಾಟನ್‌ಗಿಂತ ಕಡೆ. ಯಾಕೆ ಅಂತ ಆಮೇಲೆ ಲೆಕ್ಕ ಹಾಕಿದೆ. ಒಂದು ಕಿಲೊ ಕಾಗದ, ರಟ್ಟು ಒಣ ಹವೆಯಿಂದ ನಮ್ಮ ಮಳೆಗಾಲದ ಹವೆಗೆ ಬಂದರೆ ಸುಮಾರು 50 ಗ್ರಾಂ ನೀರು ಹೀರಬಲ್ಲದು. ಸಿಲಿಕಾ ಜೆಲ್ ತನ್ನ ತೂಕದ ಕಾಲು ಭಾಗದಷ್ಟು ನೀರು ಹಿಡಿಯುತ್ತದೆ ಅಂತ ಇಟ್ಟುಕೊಳ್ಳೋಣ. ಹಾಗಾದರೆ ಬೇಕಾದ್ದು 200 ಗ್ರಾಂ, ನಾನು ಇಟ್ಟದ್ದು 5 ಗ್ರಾಂ. ಚಂಡಿ ಡಬ್ಬಿಯನ್ನು ಭದ್ರವಾಗಿ ಮುಚ್ಚಿ, ಬೂಷ್ಟಿಗೆ ನಾನೇ ಮನೆ ಕಟ್ಟಿಕೊಟ್ಟಿದ್ದೆ.

ಪಾಠ ಒಂದೇ ಸಾಲಿನದು: ಮೊದಲು ಒಣಗಿಸಿ, ಆಮೇಲೆ ಮುಚ್ಚಿ.

ಡಬ್ಬಿಯನ್ನು ಉಳಿಸಿದ್ದು ಹೀಗೆ

ಬೂಷ್ಟಿಗೆ ಅವಸರ ಆಗುವುದಿಲ್ಲ. ಮೂಗಿಗೆ ಮಾಸ್ಕ್ ಹಾಕಿ, ಎಲ್ಲವನ್ನೂ ಬಾಲ್ಕನಿಗೆ ತಂದೆ. ಆ ಪುಡಿ ಉಸಿರಿಗೆ ಒಳ್ಳೆಯದಲ್ಲ, ಅಸ್ತಮಾ ಇದ್ದವರಂತೂ ಮುಟ್ಟುವುದೇ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಇನ್ನಷ್ಟು ಒಳಗೆ ಹೋಗುತ್ತದೆ. ಹಾಗಾಗಿ ಮೊದಲು ಒಣಗಲು ಬಿಡಬೇಕು. ಬೆಡ್‌ರೂಮಿನಲ್ಲಿ ಎ.ಸಿ.ಯನ್ನು ಡ್ರೈ ಮೋಡಿಗೆ ಹಾಕಿ, ಬಿಳಿ ಹಾಳೆಯ ಮೇಲೆ ಎಲೆ, ಬಿಲ್ಲೆಗಳನ್ನು ಬಿಡಿಬಿಡಿಯಾಗಿ ಹರಡಿ ಎರಡು ರಾತ್ರಿ ಬಿಟ್ಟೆ. ಪೇಪರ್ ಹಾಸಬೇಡಿ, ಅದರ ಶಾಯಿ ಅಂಟುತ್ತದೆ. ಬಿಸಿಲಿಗೂ ಇಡಬೇಡಿ, ಬಣ್ಣ ಮಾಸುತ್ತದೆ, ಒಂದೇ ಬದಿ ಒಣಗಿ ಇನ್ನಷ್ಟು ಬಾಗುತ್ತದೆ.

ಒಣಗಿದ ಮೇಲೆ ಮೆತ್ತನೆಯ ಪೇಂಟ್ ಬ್ರಷ್‌ನಲ್ಲಿ ಬಾಲ್ಕನಿಯಲ್ಲೇ ಪುಡಿ ಉದುರಿಸಿದೆ. ಅಂಟಿಕೊಂಡ ಎಲೆಗಳನ್ನು ಒಣಗಿದ ನಂತರ ತೆಳುವಾದ ಪ್ಲಾಸ್ಟಿಕ್ ಸ್ಕೇಲಿನಿಂದ ಮೆಲ್ಲ ಬಿಡಿಸಿದೆ. ನಾಲ್ಕು ಹರಿದವು, ಉಳಿದವು ಬಂದವು. ಕಡೆಗೆ ಎಲ್ಲ ಎಲೆಗಳನ್ನು ಬಿಳಿ ಹಾಳೆಯ ಮಧ್ಯೆ ಇಟ್ಟು, ಮೇಲೆ ಇಂಜಿನಿಯರಿಂಗ್ ಗಣಿತದ ದಪ್ಪ ಪುಸ್ತಕ ಹೇರಿ ಒಂದು ವಾರ ಮರೆತುಬಿಟ್ಟೆ. ಆ ಪುಸ್ತಕ ನನಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕ್ಯಾಟನ್‌ನಲ್ಲಿ ಷಟ್ಕೋನದ ಬಿಲ್ಲೆ 19, ಸಂಖ್ಯೆಯ ಗುಂಡು ಬಿಲ್ಲೆ 18. ಇವು ದಪ್ಪ ರಟ್ಟಿನವು, ಅಂಚಿನಲ್ಲಿ ಪದರ ಬಿಡುತ್ತವೆ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ತೊಟ್ಟು ಫೆವಿಕಾಲ್ ತೆಗೆದು ಪದರದೊಳಗೆ ಹಚ್ಚಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಒತ್ತಿ ಹಿಡಿದರೆ ಮರುದಿನ ಗಟ್ಟಿ. ಕ್ಲಿಪ್ಪಿನ ಹಲ್ಲು ಅಚ್ಚೊತ್ತದಂತೆ ಮಧ್ಯೆ ಒಂದು ತುಂಡು ರಟ್ಟು ಇಡಿ. ಚೀಲದೊಳಗೆ ಕೈಹಾಕಿ ಬಿಲ್ಲೆ ಎಳೆಯುವ ಆಟಗಳಲ್ಲಿ ಒರಟು ಬಟ್ಟೆಯ ಚೀಲಕ್ಕಿಂತ ನುಣ್ಣನೆಯ ಒಳಬಟ್ಟೆ ಇದ್ದದ್ದು ಒಳ್ಳೆಯದು.

ಸ್ಲೀವ್ ಹಾಕುವ ಮೊದಲು

ಎಲೆಗಳಿಗೆ ಪಾರದರ್ಶಕ ಕವರ್ ಅಂದರೆ ಸ್ಲೀವ್ ಹಾಕುವುದು ಈಗ ಸಾಮಾನ್ಯ. ಹರಿದ ನಾಲ್ಕು ಎಲೆಗಳನ್ನು ಅಂಟಿಸಿದ ಮೇಲೆ ನನಗೆ ಬೇರೆ ದಾರಿಯೂ ಇರಲಿಲ್ಲ. ಬೆನ್ನಿಗೆ ಬಣ್ಣವಿರುವ ಸ್ಲೀವ್ ಹಾಕಿದರೆ ಒಳಗಿನ ಎಲೆ ಹರಿದಿದ್ದರೂ, ಕಲೆಯಿದ್ದರೂ ಹೊರಗೆ ಎಲ್ಲವೂ ಒಂದೇ. ಸಾಂಬಾರಿನ ಚುಕ್ಕೆಯ ಜಗಳ ಅಲ್ಲಿಗೆ ಮುಗಿಯಿತು.

ಕೊಳ್ಳುವಾಗ ನೋಡಬೇಕಾದ್ದು ಮೂರು.

ಅಳತೆ: ಎಲ್ಲ ಎಲೆ ಒಂದೇ ಗಾತ್ರ ಅಲ್ಲ. ತುಂಬಾ ಆಟಗಳಲ್ಲಿ ಬರುವುದು 63×88 ಮಿ.ಮೀ. ಕ್ಯಾಟನ್‌ನದು 54×80. ಟಿಕೆಟ್ ಟು ರೈಡ್‌ನ ಮೂಲ ಆಟದ ಪುಟ್ಟ ಎಲೆಗಳು 44×68. ಸ್ಕೇಲ್ ಇಟ್ಟು ಅಳೆದು, ಎರಡು ಮೂರು ಮಿ.ಮೀ. ಮಾತ್ರ ದೊಡ್ಡದಿರುವುದನ್ನು ತಕ್ಕೊಳ್ಳಿ.

ವಸ್ತು: ಪಾಲಿಪ್ರೊಪಿಲೀನ್ ಎಂದು ಬರೆದಿರಬೇಕು. ಪಿ.ವಿ.ಸಿ. ಬೇಡವೇ ಬೇಡ.

ದಪ್ಪ: ಇಲ್ಲಿ ಹೆಚ್ಚಿನವರು ಮೋಸ ಹೋಗುತ್ತಾರೆ. ಕ್ಯಾಟನ್‌ನಲ್ಲಿ ಸಂಪನ್ಮೂಲದ ಎಲೆ 95, ಅಭಿವೃದ್ಧಿಯ ಎಲೆ 25, ಒಟ್ಟು 120. ಒಂದು ಬದಿಗೆ 60 ಮೈಕ್ರಾನ್ ದಪ್ಪದ ಸ್ಲೀವ್ ಹಾಕಿದರೆ ಪ್ರತಿ ಎಲೆಗೆ 0.12 ಮಿ.ಮೀ. ಸೇರಿತು. 120 ಎಲೆಗೆ 14 ಮಿ.ಮೀ.ಗೂ ಮಿಕ್ಕಿ. ಡಬ್ಬಿಯ ಒಳಗಿನ ಗೂಡಿನಲ್ಲಿ ಅದು ಕೂರುವುದಿಲ್ಲ, ಮುಚ್ಚಳ ಎದ್ದು ನಿಲ್ಲುತ್ತದೆ. ಮೊದಲು ಗೂಡನ್ನು ಅಳೆಯಿರಿ.

ಎಲ್ಲ ಆಟಕ್ಕೂ ಸ್ಲೀವ್ ಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಪದೇ ಪದೇ ಶಫಲ್ ಮಾಡುವ, ಕೈಯಲ್ಲಿ ಮುಚ್ಚಿ ಹಿಡಿಯುವ ಎಲೆಗಳಿಗೆ ಸಾಕು. ಮೇಜಿನ ಮೇಲೆ ಮುಖ ತೋರಿಸಿ ಇಡುವ ಎಲೆಗಳಿಗೆ ಬೇಕಾಗಿಲ್ಲ. ಇಸ್ಪೀಟಿಗಂತೂ ಹೊಸ ಕಟ್ಟೇ ಸ್ಲೀವಿಗಿಂತ ಅಗ್ಗ. ಸ್ಲೀವ್ ಅಂದರೆ ಪ್ಲಾಸ್ಟಿಕ್ ಎಂಬುದನ್ನೂ ಮರೆಯುವುದು ಬೇಡ. ಅರ್ಧ ಕೆಲಸ ಬಿಟ್ಟಿಯಾಗಿ ಆಗುತ್ತದೆ: ಆಡುವ ಮೊದಲು ಕೈ ತೊಳೆಯುವುದು, ತಿಂಡಿಯನ್ನು ಇನ್ನೊಂದು ಮೇಜಿನಲ್ಲಿ ಇಡುವುದು, ಮೇಜಿಗೆ ಒಂದು ದಪ್ಪ ಬಟ್ಟೆ ಹಾಸುವುದು, ಶೋಕಿ ಶಫಲ್ ಬಿಟ್ಟು ಗಂಜೀಫಾದವರ ಹಾಗೆ ಹರಡಿ ಕಲಸುವುದು.

ಅಜ್ಜಿಯ ಅಟ್ಟ

ಇನ್ನು ಇಡುವುದೆಲ್ಲಿ? ಇದಕ್ಕೆ ಉತ್ತರ ಸಿಕ್ಕಿದ್ದು ಪುತ್ತೂರಿನ ಹತ್ತಿರದ ಅಜ್ಜಿಮನೆಯಲ್ಲಿ.

ಅಲ್ಲಿ ಹಲಸಿನ ಮರದ ಚೆನ್ನೆಮಣೆಯೊಂದಿದೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ 56 ಕಾಯಿ, ನಮ್ಮಲ್ಲಿ ಕೆಂಪು ಮಂಜಾಡಿ ಬೀಜ. ಅಜ್ಜಿಗೆ ಅದು ಅವರ ಅಜ್ಜಿಯಿಂದ ಬಂದದ್ದು. ಗುಳಿಗಳು ಕೈ ತಾಗಿ ತಾಗಿ ಗಾಜಿನ ಹಾಗೆ ನುಣುಪಾಗಿವೆ. ಆಟಿ ತಿಂಗಳಲ್ಲಿ, ಜೋರು ಮಳೆಗೆ ಗದ್ದೆ ತೋಟದ ಕೆಲಸ ನಿಂತಾಗ ಅದನ್ನು ಆಡುತ್ತಿದ್ದರು. ಆಟಿ ಮುಗಿದ ಮೇಲೆ ಆಡಬಾರದು ಅಂತ ಕಟ್ಟಳೆ. ಅಕ್ಕ ತಂಗಿ ಎದುರುಬದುರು ಕೂತು ಆಡಬಾರದು ಅಂತ ಇನ್ನೊಂದು. ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆಯಾಡುತ್ತಾ ಜಗಳವಾಗಿ ಒಬ್ಬಳು ಇನ್ನೊಬ್ಬಳನ್ನು ಆ ಮಣೆಯಿಂದಲೇ ಹೊಡೆದು ಕೊಂದ ಕಥೆ ಉಂಟು. ಸಾಂಬಾರಿನ ಚುಕ್ಕೆಗೆ ಒಂದು ವಾರ ಮಾತುಬಿಟ್ಟ ನಮ್ಮವರೇ ವಾಸಿ.

ಇಷ್ಟು ವರ್ಷ ಇದಕ್ಕೆ ಹುಳ, ಬೂಷ್ಟು ಹೇಗೆ ಹಿಡಿಯಲಿಲ್ಲ ಅಂತ ಅಜ್ಜಿಯನ್ನು ಕೇಳಿದೆ.

“ಅದನ್ನು ಎಲ್ಲಿ ಇಡ್ತಿದ್ದದ್ದು ಗೊತ್ತುಂಟಾ ಮಗಾ? ಒಲೆಯ ಮೇಲಿನ ಅಟ್ಟದಲ್ಲಿ. ಆಟಿಗೆ ಇಳಿಸುವುದು, ಆಟಿ ಕಳೆದ ಮೇಲೆ ತೆಂಗಿನೆಣ್ಣೆ ಉಜ್ಜಿ ಮತ್ತೆ ಮೇಲೆ ಹಾಕುವುದು. ನಿಮ್ಮ ಹಾಗೆ ಗೋಡೆಗೆ ಒರಗಿಸಿ ಇಟ್ಟರೆ ಇರ್ತದಾ?”

ಮನೆಗೆ ಬಂದು ಲೆಕ್ಕ ಹಾಕಿದೆ. 27 ಡಿಗ್ರಿಯಲ್ಲಿ ಶೇ. 90 ತೇವಾಂಶ ಇರುವ ಮಳೆಗಾಲದ ಗಾಳಿಯನ್ನು ಬರೇ 37 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಸುಮಾರು ಶೇ. 50ಕ್ಕೆ ಇಳಿಯುತ್ತದೆ. ಒಂದು ಹನಿ ನೀರು ತೆಗೆಯಬೇಕಾಗಿಲ್ಲ, ಬಿಸಿಯಾದರೆ ಸಾಕು. ಒಲೆಯ ಮೇಲಿನ ಅಟ್ಟ ಮಾಡುತ್ತಿದ್ದದ್ದು ಅದನ್ನೇ, ಹುಳಕ್ಕೆ ಹೊಗೆ ಬೇರೆ.

ಫ್ಲ್ಯಾಟಿನಲ್ಲಿ ಒಲೆಯಿಲ್ಲ, ಅಟ್ಟವಿಲ್ಲ. ಈಗ ನಾನು ಮಾಡುವುದು ಇಷ್ಟು. ಆಟಗಳ ಕಪಾಟನ್ನು ಹೊರಗೋಡೆಯಿಂದ ಒಳಗೋಡೆಗೆ ತಂದೆ, ಗೋಡೆಗೂ ಕಪಾಟಿಗೂ ನಾಲ್ಕು ಬೆರಳು ಅಂತರ. ಮೇ ತಿಂಗಳ ಒಣ ದಿನಗಳಲ್ಲೇ ಎಲ್ಲ ಡಬ್ಬಿ ತೆರೆದು, ಒಂದು ರಾತ್ರಿ ಎ.ಸಿ. ರೂಮಿನಲ್ಲಿಟ್ಟು, ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಗೆ ತುಂಬುತ್ತೇನೆ. ಜೊತೆಗೆ ಒಂದು ಬಟ್ಟೆಯ ಚೀಲದಲ್ಲಿ 200 ಗ್ರಾಂ ಸಿಲಿಕಾ ಜೆಲ್. ಕಿತ್ತಳೆ ಬಣ್ಣದಿಂದ ಹಸಿರಿಗೆ ತಿರುಗುವ ಜಾತಿ ತಕ್ಕೊಳ್ಳಿ. ನೀಲಿಯಿಂದ ಗುಲಾಬಿಯಾಗುವುದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದ ಮೇಲೆ ಜೆಲ್ ಅನ್ನು ಚೀಲದಿಂದ ತೆಗೆದು ಓವನಿನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಸಿದ್ಧ. ಆ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ. ತೇವಾಂಶ ತೋರಿಸುವ ಪುಟ್ಟ ಮೀಟರ್ ಒಂದನ್ನು ಒಳಗಿಟ್ಟಿದ್ದೇನೆ. ಕಳೆದ ಜುಲೈಯಲ್ಲಿ ಹಾಲಿನಲ್ಲಿ 86 ಇದ್ದಾಗ ಪೆಟ್ಟಿಗೆಯಲ್ಲಿ 48 ತೋರಿಸುತ್ತಿತ್ತು. ನಾಫ್ತಲಿನ್ ಗುಳಿಗೆ ಮಾತ್ರ ಹಾಕಬೇಡಿ. ವಾಸನೆ ಎಲೆಗಳಲ್ಲಿ ಕೂತುಬಿಡುತ್ತದೆ, ಪ್ಲಾಸ್ಟಿಕ್ ಕಾಯಿಗಳಿಗೂ ಅದು ಒಳ್ಳೆಯದಲ್ಲ.

ಮತ್ತೊಂದು, ಇದು ಎಲ್ಲಕ್ಕಿಂತ ಸುಲಭದ್ದು: ಮಳೆಗಾಲದಲ್ಲೂ ಆಡಿ. ತಿಂಗಳಿಗೊಮ್ಮೆ ತೆರೆದ ಡಬ್ಬಿಯಲ್ಲಿ ಬೂಷ್ಟು ಮರಿ ಹಾಕುವ ಮೊದಲೇ ಕಣ್ಣಿಗೆ ಬೀಳುತ್ತದೆ. ಆ ವರ್ಷ ನನ್ನ ಡಬ್ಬಿ ಹಾಳಾದದ್ದು ಆಡಿದ್ದಕ್ಕಲ್ಲ, ಆಡದ್ದಕ್ಕೆ.

ಡಿಸೆಂಬರ್

ಶೆಟ್ರು ಬರುವ ಹಿಂದಿನ ವಾರ ಫೋನ್ ಮಾಡಿ ನಿಜ ಹೇಳಿದೆ. ಅವ ಒಂದು ಕ್ಷಣ ಸುಮ್ಮನಿದ್ದ. “ಮುಚ್ಚಳ?” ಅಂತ ಕೇಳಿದ. ಬೇರೆ ಏನೂ ಕೇಳಲಿಲ್ಲ.

ಆ ಮೂಲೆಯನ್ನು ಬ್ರಷ್‌ನಲ್ಲಿ ಎಷ್ಟು ಉಜ್ಜಿದರೂ ಕಪ್ಪು ಹೋಗಿರಲಿಲ್ಲ. ಬೂಷ್ಟು ಸಾಯುತ್ತದೆ, ಅದರ ಕಲೆ ಉಳಿಯುತ್ತದೆ. ಸುಮಾರು ಇಪ್ಪತ್ತು ಆಟಗಳ ಸಾಲುಗಳು ಓದಲು ಬರುವುದಿಲ್ಲ. ಉಳಿದದ್ದನ್ನು ಫೋಟೊ ತೆಗೆದು ನಾಲ್ವರ ಗ್ರೂಪಿಗೆ ಹಾಕಿದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ, ಎರಡು ನಿಮಿಷದ್ದು. ಆಫೀಸಿನಲ್ಲಿ ಬ್ಯಾಕಪ್ ಇಲ್ಲದೆ ಒಂದು ಸಾಲು ಕೋಡ್ ಬರೆಯದವನು ನಾನು.

ಡಿಸೆಂಬರ್ ಕೊನೆಗೆ ನಾಲ್ವರೂ ನಮ್ಮ ಹಾಲಿನಲ್ಲಿ ಕೂತೆವು. ಮೇಜಿಗೆ ಅಮ್ಮನ ಹಳೆಯ ಬೆಡ್‌ಶೀಟ್ ಹಾಸಿದ್ದೆ. ಗೋಳಿಬಜೆ ದೂರದ ಸ್ಟೂಲಿನಲ್ಲಿ. ಡಿಸೋಜ ಎಲೆಗಳ ಬೆನ್ನು ತಿರುಗಿಸಿ ತಿರುಗಿಸಿ ನೋಡಿ, “ಎಲ್ಲ ಒಂದೇ ತರ ಮಾಡಿಟ್ಟಿದ್ದೀಯಲ್ಲ, ಇನ್ನು ನಾನು ಗೆಲ್ಲುವುದು ಹೇಗೆ?” ಅಂದ. ಭಟ್ರು ನಕ್ಕರು. ಮುಖವಿಲ್ಲದ ಕುರಿ ಬಂದಾಗಲೆಲ್ಲ ನನಗೆ ಬೈಗುಳ ಬಿತ್ತು.

ಆಟ ಶೆಟ್ರು ಗೆದ್ದ. ಮುಚ್ಚಳ ತಿರುಗಿಸಿ, ಕಪ್ಪಾದ ಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ. ಆಮೇಲೆ ಪೆನ್ನು ಕೇಳಿ, ಬಲಗಡೆ ಜಾಗ ನೋಡಿ ತಾರೀಕು ಹಾಕಿ, ತನ್ನ ಹೆಸರು ಬರೆದ.

“ಜಾಗ ತುಂಬಾ ಉಂಟು” ಅಂದ.

ನಾನು ಕೂಡಲೇ ಅದರ ಫೋಟೊ ತೆಗೆದೆ.